ಅತಿ ದೊಡ್ಡ ಓಟಗಾರ್ತಿ ಯಾರು? ಮಾಟುಂಗದ ವಾದಕ್ಕೊಂದು ಉತ್ತರ

ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಮುಗಿದು, ಮೆಡಲು ಇನ್ನೂ ಕೊರಳಲ್ಲಿರುವಾಗಲೇ ಮಾಟುಂಗದ ಹೋಟೆಲುಗಳಲ್ಲಿ ಇಡ್ಲಿ-ಕಾಫಿಯ ಜೊತೆಗೆ ಒಂದು ವಾದ ಶುರುವಾಗುತ್ತದೆ. ದೂರದ ಓಟದಲ್ಲಿ ಜಗತ್ತಿನ ಅತಿ ದೊಡ್ಡ ಓಟಗಾರ್ತಿ ಯಾರು? ಈಚೆಗೆ ಅದಕ್ಕೆ ಇನ್ನೊಂದು ಪ್ರಶ್ನೆ ಅಂಟಿಕೊಂಡಿದೆ: ಈ ದಾಖಲೆಗಳನ್ನು ನಂಬುವುದು ಹೇಗೆ? ಒಬ್ಬರು ಫೋನ್ ತೆಗೆದು ದಾಖಲೆಪಟ್ಟಿ ಮುಂದಿಡುತ್ತಾರೆ. ಇನ್ನೊಬ್ಬರು "ಎಲ್ಲರೂ ಔಷಧಿ ತಗೊಂಡೋರೇ ಬಿಡ್ರೀ" ಎಂದು ಕೈ ಕೊಡವುತ್ತಾರೆ. ಎರಡೂ ಸೋಮಾರಿತನದ ಉತ್ತರಗಳು. ಒಂದೊಂದು ದಾಖಲೆಯನ್ನೂ ಬಿಡಿಸಿ ನೋಡುವ ಕಷ್ಟವನ್ನು ಎರಡೂ ತಪ್ಪಿಸಿಕೊಳ್ಳುತ್ತವೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇಥಿಯೋಪಿಯಾದ ತಿರುನೇಶ್ ದಿಬಾಬಾ. ಯಾಕೆಂದು ಹೇಳುವ ಮುಂಚೆ ಗಡಿಯಾರದ ಲೆಕ್ಕ ಮುಗಿಸಬೇಕು.

ಬರೀ ಟೈಮಿಂಗ್ ನೋಡಿ ದೊಡ್ಡವರನ್ನು ಆರಿಸುವುದು ಮುಂಬೈಯವರಿಗಂತೂ ಸಲ್ಲದು. ಇಲ್ಲಿನ ಮಹಿಳಾ ಕೋರ್ಸ್ ದಾಖಲೆ 2013ರಲ್ಲಿ 2:24:33 ಆಗಿತ್ತು, 2023ರಲ್ಲಿ 2:24:15 ಆಯಿತು. ಹತ್ತು ವರ್ಷಕ್ಕೆ ಹದಿನೆಂಟು ಸೆಕೆಂಡು. 2023ರ ಸೆಪ್ಟೆಂಬರ್ ಹೊತ್ತಿಗೆ ವಿಶ್ವದಾಖಲೆ 2:15:25ರಿಂದ 2:11:53ಕ್ಕೆ ಇಳಿದಿತ್ತು. ಮುಂಬೈಗೆ ಬರುವವರು ಕಡಿಮೆ ಓಟಗಾರ್ತಿಯರೆಂದು ಇದರ ಅರ್ಥವಲ್ಲ. ಸಮುದ್ರದ ತೇವಗಾಳಿಯಲ್ಲಿ ಬೆವರು ಆರುವುದಿಲ್ಲ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಕಾಲಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ಅಷ್ಟು ಸಾಲದೆಂಬಂತೆ ವಾಪಸ್ ಬರುವಾಗ, ತೊಡೆ ಸೋತ ಹೊತ್ತಿಗೆ, ಪೆಡ್ಡರ್ ರೋಡಿನ ಏರು. ಬರ್ಲಿನ್, ಶಿಕಾಗೋಗಳಲ್ಲಿ ರಸ್ತೆ ಚಪ್ಪಟೆ, ಗಾಳಿ ತಂಪು, ಮುಂದೆ ಗಾಳಿ ತಡೆದು, ವೇಗ ಹಿಡಿದಿಟ್ಟು ಓಡಲು ಗಂಡಸರ ಪೇಸರ್‌ಗಳು. ಪೇಸರ್ ವಿಷಯ ಸಣ್ಣದಲ್ಲ. ಪಾಲಾ ರ್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ನಿನಲ್ಲಿ ಗಂಡಸರ ಪೇಸರ್‌ಗಳೊಂದಿಗೆ 2:15:25 ಓಡಿದರು. ಅದೇ ಲಂಡನ್ನಿನಲ್ಲಿ 2005ರಲ್ಲಿ ಹೆಂಗಸರಷ್ಟೇ ಇದ್ದ ಓಟದಲ್ಲಿ 2:17:42. ಅದಕ್ಕೇ ದಾಖಲೆಗಳನ್ನು ಮಾನ್ಯ ಮಾಡುವ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಮಹಿಳಾ ಮ್ಯಾರಥಾನಿಗೆ ಎರಡು ದಾಖಲೆ ಇಟ್ಟುಕೊಂಡಿದೆ. ವಾದ ಮಾಡುವಾಗ ಯಾವ ದಾಖಲೆಯ ಮಾತು ಎಂದು ಮೊದಲು ಕೇಳಿಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನು ಅನುಮಾನದ ಮಾತು. ಇಲ್ಲಿ 1993ರ ಸೆಪ್ಟೆಂಬರ್ ತಿಂಗಳ ಬೀಜಿಂಗ್ ಬಿಟ್ಟು ಮುಂದೆ ಹೋಗಲು ಸಾಧ್ಯವೇ ಇಲ್ಲ.

ಸೆಪ್ಟೆಂಬರ್ 8ರಂದು ಚೀನಾದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ವಾಂಗ್ ಜುನ್‌ಶಿಯಾ 10,000 ಮೀಟರನ್ನು 29:31.78ರಲ್ಲಿ ಓಡಿದರು. ಹಳೆಯ ದಾಖಲೆ ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯಾನ್ಸನ್ 1986ರಲ್ಲಿ ಓಡಿದ 30:13.74. ಒಂದೇ ಏಟಿಗೆ 42 ಸೆಕೆಂಡು. ಟ್ರ್ಯಾಕಿನ ಸುತ್ತಿಗೆ ಭಾಗಿಸಿ ನೋಡಿ: ಕ್ರಿಸ್ಟಿಯಾನ್ಸನ್ ಸರಾಸರಿ 72.5 ಸೆಕೆಂಡು, ವಾಂಗ್ 70.9. ಸರಾಸರಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುವುದು ಓಟದ ಕೊನೆ. 7,000 ಮೀಟರ್ ಆಗಲೇ ಓಡಿದ್ದ ಕಾಲಲ್ಲಿ ಕೊನೆಯ 3,000 ಮೀಟರನ್ನು ಅವರು ಅಂದಿನ 3,000 ಮೀಟರ್ ವಿಶ್ವದಾಖಲೆಗಿಂತಲೂ ವೇಗವಾಗಿ ಮುಗಿಸಿದರು. ಹೊಸದಾಗಿ ನಿಂತು, ಅದೊಂದೇ ದೂರಕ್ಕೆ ತಯಾರಾಗಿ ಬಂದವರ ದಾಖಲೆ ಅದು.

ಮೂರು ದಿನ ಬಿಟ್ಟು ಚ್ಯು ಯುನ್‌ಶಿಯಾ 1,500 ಮೀಟರಿನಲ್ಲಿ 3:50.46 ಓಡಿ ದಾಖಲೆ ಮಾಡಿದರು, ಹಳೆಯ 3:52.47ಕ್ಕಿಂತ ವೇಗವಾಗಿ ಎರಡನೆಯವರಾಗಿ ಬಂದದ್ದು ಮತ್ತೆ ವಾಂಗ್. 12ರಂದು 3,000 ಮೀಟರ್ ಹೀಟ್ಸ್‌ನಲ್ಲಿ ವಾಂಗ್ 8:12.19, 13ರ ಫೈನಲ್‌ನಲ್ಲಿ 8:06.11. ಹಿಂದಿನ ದಾಖಲೆ 8:22.62. ಹೀಟ್ಸ್ ಅಂದರೆ ಫೈನಲ್‌ಗೆ ಹೋಗುವಷ್ಟು ಮಾತ್ರ ಓಡಿ ಶಕ್ತಿ ಉಳಿಸಿಕೊಳ್ಳುವ ಜಾಗ. ಅಲ್ಲಿ ಹತ್ತು ಸೆಕೆಂಡು ದಾಖಲೆ ಮುರಿದು, ಮರುದಿನ ಇನ್ನೂ ಆರು ಸೆಕೆಂಡು ಇಳಿಸುವುದಕ್ಕೆ ತರಬೇತಿಯ ಯಾವ ಲೆಕ್ಕದಲ್ಲೂ ಉತ್ತರ ಸಿಗುವುದಿಲ್ಲ. ಆ ಫೈನಲ್‌ನ ಮೊದಲ ಮೂವರೂ ಮಾ ಜುನ್‌ರೆನ್ ಎಂಬ ಒಬ್ಬನೇ ಕೋಚ್‌ನ ಶಿಷ್ಯೆಯರು. ಆಮೆಯ ರಕ್ತ, ಹುಳುವಿನ ಮೇಲೆ ಬೆಳೆಯುವ ಶಿಲೀಂಧ್ರದ ಕಷಾಯ, ಎತ್ತರದ ಜಾಗದಲ್ಲಿ ಅತಿ ಕಠಿಣ ತರಬೇತಿ: ಇದು ಅವನು ಕೊಟ್ಟ ವಿವರಣೆ.

ವಾಂಗ್ ಯಾವತ್ತೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿಲ್ಲ. ಆದರೆ ರಕ್ತದ ಕೆಂಪು ಕಣ ಹೆಚ್ಚಿಸುವ ಇಪಿಒ ಎಂಬ ಚುಚ್ಚುಮದ್ದನ್ನು ಹಿಡಿಯುವ ಪರೀಕ್ಷೆಯೇ 1993ರಲ್ಲಿ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಅದು ಬಂದದ್ದು 2000ದ ಸಿಡ್ನಿಗೆ. ಅದೇ ಸಿಡ್ನಿಗೆ ಹೊರಟಿದ್ದ ಚೀನಾ ತಂಡದಿಂದ ರಕ್ತಪರೀಕ್ಷೆಯ ನಂತರ ಮಾ ಅವರ ಏಳು ಓಟಗಾರ್ತಿಯರಲ್ಲಿ ಆರು ಮಂದಿಯನ್ನು ಕೈಬಿಡಲಾಯಿತು. 2016ರಲ್ಲಿ, ವಾಂಗ್ ಮತ್ತು ಇತರ ಒಂಬತ್ತು ಮಂದಿ 1995ರಲ್ಲಿ ಸಹಿ ಮಾಡಿದ್ದೆನ್ನಲಾದ ಪತ್ರವೊಂದು ಹೊರಬಂತು: ಔಷಧಿ ತೆಗೆದುಕೊಳ್ಳುವಂತೆ ನಮ್ಮನ್ನು ಬಲವಂತ ಮಾಡಿದರು ಎಂದು ಅದರಲ್ಲಿದೆ. ಹಾಗಾಗಿ ಈ ದಾಖಲೆಗಳನ್ನು ನಾನು ನಂಬುವುದಿಲ್ಲ, ಆ ಹುಡುಗಿಯರನ್ನು ಕಳ್ಳರೆಂದು ಕರೆಯುವುದೂ ಇಲ್ಲ. ಬಲವಂತ ನಡೆದಿದ್ದರೆ ಮೊದಲು ಮೋಸಹೋದವರು ಅವರೇ.

10,000 ಮೀಟರಿನ ಆ ಸಮಯ 23 ವರ್ಷ ಅಲುಗಲಿಲ್ಲ. 3,000 ಮೀಟರಿನದಂತೂ ಇನ್ನೂ ವಿಚಿತ್ರ. 5,000 ಮೀಟರನ್ನು 14 ನಿಮಿಷದೊಳಗೆ, 10,000 ಮೀಟರನ್ನು 29 ನಿಮಿಷದೊಳಗೆ ಓಡಿದ ಮೊದಲ ಹೆಂಗಸು ಕೀನ್ಯಾದ ಬಿಯಾಟ್ರಿಸ್ ಚೆಬೆಟ್. ಹೊಸ ಫೋಮಿನ ಸ್ಪೈಕ್ ಶೂ ಹಾಕಿ 2025ರಲ್ಲಿ ಅವರು 3,000 ಓಡಿದಾಗ ಬಂದದ್ದು 8:11.56, ವಾಂಗ್‌ಗಿಂತ ಐದು ಸೆಕೆಂಡಿಗೂ ಹೆಚ್ಚು ನಿಧಾನ.

2016ರ ರಿಯೋ ಒಲಿಂಪಿಕ್ಸ್‌ನ 10,000 ಮೀಟರಿನಲ್ಲಿ ಇಥಿಯೋಪಿಯಾದ ಅಲ್ಮಾಝ್ ಅಯಾನಾ 29:17.45 ಓಡಿದಾಗ ನಮ್ಮವರು ಬೀಜಿಂಗ್ ನೆನಪಿಸಿಕೊಂಡರು. ಹೋಲಿಕೆ ಅಷ್ಟು ಸರಿಯಿಲ್ಲ ಅನ್ನಿಸುತ್ತದೆ ನನಗೆ. ಆ ಓಟದ ಮೊದಲರ್ಧವನ್ನು ಕೀನ್ಯಾದ ಆಲಿಸ್ ಅಪ್ರೊಟ್ ವಿಪರೀತ ವೇಗದಲ್ಲಿ ಎಳೆದರು. 5,000 ದಾಟಿದ್ದು 14:46.81ಕ್ಕೆ. ಉಳಿದರ್ಧ ಅಯಾನಾ ಒಬ್ಬರೇ 14:30.64ರಲ್ಲಿ ಓಡಿದರು. ದೊಡ್ಡ ಓಟಗಳಲ್ಲಿ ಸಾಮಾನ್ಯವಾಗಿ ಮೊದಲ ಸುತ್ತುಗಳು ನಿಧಾನ, ಎಲ್ಲರೂ ಕೊನೆಯ ಜಿಗಿತಕ್ಕೆ ಕಾಯುತ್ತಾರೆ. ಅವತ್ತು ಕಾಯಲು ಯಾರೂ ಬಿಡಲಿಲ್ಲ. ಎರಡನೆಯವರು ವಿವಿಯನ್ ಚೆರುಯೊಟ್ 29:32.53, ನಾಲ್ಕನೆಯವರಾದ ಅಪ್ರೊಟ್ 29:53.51. ಇವರಿಬ್ಬರೂ ಕೀನ್ಯಾದವರು, ಅಯಾನಾ ಜೊತೆ ಒಂದೇ ಕೋಚ್‌ನ ಶಿಷ್ಯೆಯರಲ್ಲ. ಹುಬ್ಬೇರುವುದು ಸಹಜ, ತೀರ್ಪು ಕೊಡುವಷ್ಟು ಸಾಕ್ಷಿ ಕಾಣುವುದಿಲ್ಲ. ಅನುಮಾನಕ್ಕೂ ಮೆಟ್ಟಿಲುಗಳಿವೆ.

ಈಗ ಎಲ್ಲರ ಬಾಯಲ್ಲಿರುವ ಹೆಸರು ಕೀನ್ಯಾದ ಮ್ಯಾರಥಾನ್ ಓಟಗಾರ್ತಿ ರುತ್ ಚೆಪ್‌ಂಗೆಟಿಚ್. 2024ರ ಅಕ್ಟೋಬರ್ 13, ಶಿಕಾಗೋ, 2:09:56. ಕಿಲೋಮೀಟರಿಗೆ 3 ನಿಮಿಷ 5 ಸೆಕೆಂಡಿಗೂ ಚೂರು ಕಡಿಮೆ. 1978ರಲ್ಲಿ ಶಿವನಾಥ್ ಸಿಂಗ್ ಜಲಂಧರಿನಲ್ಲಿ ಓಡಿದ 2:12:00 ನಾಲ್ಕು ದಶಕಕ್ಕೂ ಹೆಚ್ಚು ಕಾಲ ಭಾರತದ ಗಂಡಸರ ದಾಖಲೆಯಾಗಿತ್ತು ಎಂದರೆ ಈ ಸಮಯದ ತೂಕ ಗೊತ್ತಾದೀತು. ಅದಕ್ಕಿಂತಲೂ ಓಡಿದ ರೀತಿ ನೋಡಿ: ಮೊದಲ 5 ಕಿ.ಮೀ. ಸರಿಯಾಗಿ 15:00, ಅರ್ಧ ದೂರ 1:04:16, ಉಳಿದರ್ಧ 1:05:40. ಹೀಗೆ ಮುಂಚೆಯೇ ಖರ್ಚು ಮಾಡಿದವರು 30 ಕಿ.ಮೀ. ನಂತರ ಕುಸಿಯಬೇಕು. ಅವರ ಎರಡನೇ ಅರ್ಧ 84 ಸೆಕೆಂಡು ಮಾತ್ರ ನಿಧಾನ.

ಶೂಗಳ ಪಾಲನ್ನು ಇಲ್ಲಿ ಕಳೆಯಲೇಬೇಕು. ಕಾರ್ಬನ್ ಪ್ಲೇಟು, ಮೆತ್ತಗೆ ಪುಟಿಯುವ ಫೋಮು ಬಂದ ಮೇಲೆ ಇಡೀ ರಸ್ತೆ ಓಟವೇ ವೇಗವಾಗಿದೆ. ರಸ್ತೆಯಲ್ಲಿ ಅಟ್ಟೆ 40 ಮಿಲಿಮೀಟರ್ ಮೀರಬಾರದೆಂಬ ನಿಯಮ ಬಂದದ್ದೇ ಅದಕ್ಕೆ. ಆದರೆ ಶೂ ಎಲ್ಲರ ಕಾಲಲ್ಲೂ ಇದೆ. ಟಿಗಿಸ್ಟ್ ಅಸೆಫಾ 2023ರಲ್ಲಿ ಬರ್ಲಿನ್‌ನಲ್ಲಿ ಓಡಿದ 2:11:53 ಕೂಡ ಅಂಥ ಶೂನಲ್ಲೇ.

2025ರ ಮಾರ್ಚ್ 14ರಂದು ಚೆಪ್‌ಂಗೆಟಿಚ್ ಕೊಟ್ಟ ಮೂತ್ರದಲ್ಲಿ ಹೈಡ್ರೋಕ್ಲೋರೋಥಯಜೈಡ್ ಎಂಬ ನಿಷೇಧಿತ ಔಷಧಿ ಸಿಕ್ಕಿತು. ವರದಿ ಮಾಡಬೇಕಾದ ಮಿತಿ ಮಿಲಿಲೀಟರಿಗೆ 20 ನ್ಯಾನೋಗ್ರಾಂ, ಸಿಕ್ಕಿದ್ದು ಸುಮಾರು 3,800. ಮನೆಗೆಲಸದವರ ಮಾತ್ರೆ ನುಂಗಿದೆ ಎಂದು ಅವರು ಹೇಳಿದರು. ಅಕ್ಟೋಬರ್‌ನಲ್ಲಿ ಮೂರು ವರ್ಷದ ನಿಷೇಧ ಆಯಿತು. ರದ್ದಾದದ್ದು ಆ ಮಾರ್ಚ್ ದಿನದ ನಂತರದ ಫಲಿತಾಂಶಗಳು. ಶಿಕಾಗೋ ಅದಕ್ಕಿಂತ ಮುಂಚಿನದು, ಆದ್ದರಿಂದ ಪಟ್ಟಿಯಲ್ಲಿ ಉಳಿಯಿತು. ಕಾನೂನು ಸರಿ. ನನ್ನ ಪಟ್ಟಿಯಲ್ಲಿ ಆ ಸಾಲಿಗೆ ಜಾಗವಿಲ್ಲ.

ಈ ಔಷಧಿ ನಮ್ಮ ಮನೆಗಳಿಗೇನೂ ಹೊಸದಲ್ಲ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ ಮಾತ್ರೆಗಳಲ್ಲಿ ಹಲವಕ್ಕೆ ಇದನ್ನು ಜೊತೆಗೂಡಿಸಿರುತ್ತಾರೆ. ಅದು ವೇಗ ಕೊಡುವುದಿಲ್ಲ, ಮೂತ್ರ ಹೆಚ್ಚಿಸುತ್ತದೆ. ಮೂತ್ರ ತೆಳುವಾದರೆ ಅದರೊಳಗಿರುವ ಬೇರೆ ವಸ್ತು ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದು, ನಿಷೇಧ ಅದಕ್ಕೇ. ಬಿಪಿ ಇದ್ದು, ಬಹುಮಾನದ ಹಣವಿರುವ ಓಟಗಳಿಗೆ ಇಳಿಯುವವರು ಸ್ಟ್ರಿಪ್‌ನ ಹಿಂದೆ ಬರೆದಿರುವುದನ್ನು ಓದಿ, ವೈದ್ಯರ ಕಾಗದ ಇಟ್ಟುಕೊಂಡು, ಔಷಧಿಯ ವಿನಾಯಿತಿಗೆ ಮುಂಚೆಯೇ ಅರ್ಜಿ ಹಾಕಬೇಕು. ಸಿಕ್ಕಿಬೀಳುವುದು ಶಿಕಾಗೋದವರಷ್ಟೇ ಅಲ್ಲ: 2024ರ ಡಿಸೆಂಬರ್‌ನ ಪುಣೆ ಹಾಫ್ ಮ್ಯಾರಥಾನಿನಲ್ಲಿ ತೆಗೆದ ಸ್ಯಾಂಪಲಿನಲ್ಲಿ ಆಕ್ಸಾಂಡ್ರೊಲೋನ್ ಎಂಬ ಸ್ಟೆರಾಯ್ಡ್ ಸಿಕ್ಕಿ ಮಹಾರಾಷ್ಟ್ರದ ಓಟಗಾರ್ತಿಯೊಬ್ಬರಿಗೆ ನಾಲ್ಕು ವರ್ಷ ನಿಷೇಧವಾಯಿತು.

"ಅಷ್ಟು ಸಲ ಪರೀಕ್ಷೆ ಮಾಡಿದರೂ ಸಿಕ್ಕಿಲ್ಲವಲ್ಲ" ಎನ್ನುವವರು ರಕ್ತದ ಪಾಸ್‌ಪೋರ್ಟ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೊಳ್ಳುವುದು ಒಳ್ಳೆಯದು. ಒಬ್ಬೊಬ್ಬರ ರಕ್ತದ ಅಳತೆಗಳನ್ನು ವರ್ಷಗಟ್ಟಲೆ ಬರೆದಿಟ್ಟು ಹೋಲಿಸುವ, 2009ರಿಂದ ಬಂದ ಈ ಪದ್ಧತಿಯಲ್ಲಿ ಔಷಧಿಯನ್ನೇ ಹುಡುಕುವುದಿಲ್ಲ, ಅದು ಬಿಟ್ಟುಹೋದ ಗುರುತು ಹುಡುಕುತ್ತಾರೆ. ಹಿಮೋಗ್ಲೋಬಿನ್ ಮತ್ತು ಎಳೆಯ ಕೆಂಪು ಕಣಗಳಾದ ರೆಟಿಕ್ಯುಲೋಸೈಟ್‌ಗಳ ಶೇಕಡಾ ಪ್ರಮಾಣ, ಇವೆರಡರಿಂದ ಆಫ್-ಸ್ಕೋರ್ ಲೆಕ್ಕ: ಲೀಟರಿಗೆ ಎಷ್ಟು ಗ್ರಾಂ ಹಿಮೋಗ್ಲೋಬಿನ್ ಇದೆಯೋ ಅದರಿಂದ, ಎಳೆ ಕಣಗಳ ಶೇಕಡಾ ಸಂಖ್ಯೆಯ ವರ್ಗಮೂಲದ 60 ಪಟ್ಟು ಕಳೆಯಬೇಕು. ಹಿಮೋಗ್ಲೋಬಿನ್ 130, ಎಳೆ ಕಣ ಶೇ. 1 ಇದ್ದರೆ 130ರಲ್ಲಿ 60 ಕಳೆದು 70. ಇಪಿಒ ಚುಚ್ಚಿಸಿಕೊಂಡು ಓಟದ ಮುಂಚೆ ನಿಲ್ಲಿಸಿದರೆ ಹಿಮೋಗ್ಲೋಬಿನ್ ಮೇಲೆಯೇ ಉಳಿಯುತ್ತದೆ. ರಕ್ತ ಸಾಕಷ್ಟಿದೆ ಎಂದು ಮಜ್ಜೆ ಹೊಸ ಕಣ ಮಾಡುವುದನ್ನು ತಗ್ಗಿಸುತ್ತದೆ. ಹಿಮೋಗ್ಲೋಬಿನ್ 155, ಎಳೆ ಕಣ ಶೇ. 0.3 ಎಂದಿಟ್ಟುಕೊಳ್ಳಿ: ಸ್ಕೋರ್ ಸುಮಾರು 122. ಒಬ್ಬಳೇ ಓಟಗಾರ್ತಿಯಲ್ಲಿ 70 ಇದ್ದದ್ದು 122 ಆದರೆ ತಜ್ಞರು ಕೂತು ಕಾರಣ ಕೇಳುತ್ತಾರೆ.

ಓಡಿದ ತಕ್ಷಣ ರಕ್ತ ತೆಗೆದರೆ ಲೆಕ್ಕ ಕೆಡುತ್ತದೆ. ಬೆವರಿ ನೀರು ಹೋಗಿ ರಕ್ತ ಗಟ್ಟಿಯಾಗಿ ಹಿಮೋಗ್ಲೋಬಿನ್ ಸುಳ್ಳೇ ಏರಿರುತ್ತದೆ. ಅದಕ್ಕೆ ವ್ಯಾಯಾಮದ ನಂತರ ಸಾಕಷ್ಟು ಹೊತ್ತು ಕಾಯಬೇಕು, ಹತ್ತು ನಿಮಿಷ ಕೂತಿರಬೇಕು, ಎತ್ತರದ ಊರಲ್ಲಿ ಇದ್ದಿರಾ ಎಂದು ಬರೆಸಿಕೊಳ್ಳಬೇಕು. ಸಣ್ಣ ಸಣ್ಣ ಡೋಸ್ ತೆಗೆದುಕೊಳ್ಳುವವರು ಈ ಬಲೆಯ ಕಣ್ಣಿನಿಂದ ನುಸುಳುತ್ತಾರೆ. ಅಂಥವರಿಗಾಗಿಯೇ ಸ್ಯಾಂಪಲನ್ನು ಹತ್ತು ವರ್ಷದವರೆಗೆ ಇಟ್ಟು ಮತ್ತೆ ಪರೀಕ್ಷಿಸುವ ಅವಕಾಶವಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 10,000 ಮೀಟರಿನಲ್ಲಿ ಎರಡನೆಯವರಾಗಿ ಬಂದಿದ್ದ ಎಲ್ವಾನ್ ಅಬೆಯ್‌ಲೆಗೆಸ್ಸೆ, 2007ರ ಸ್ಯಾಂಪಲಿನ ಮರುಪರೀಕ್ಷೆಯಿಂದ ಪದಕ ಕಳೆದುಕೊಂಡದ್ದು ಹೀಗೆಯೇ.

ಆ ಓಟ ಗೆದ್ದವರು ತಿರುನೇಶ್ ದಿಬಾಬಾ, 29:54.66.

ಪೇಸರ್ ಇಲ್ಲದ, ದೇಶಕ್ಕೆ ಮೂರೇ ಜನ ಇಳಿಯುವ ಒಲಿಂಪಿಕ್ಸ್ ಓಟಗಳಲ್ಲಿ ಮೂರು ಚಿನ್ನ, ಮೂರು ಕಂಚು. ಟ್ರ್ಯಾಕಿನಲ್ಲಿ ಐದು ವಿಶ್ವ ಪ್ರಶಸ್ತಿ, ಮೊದಲನೆಯದು 18ನೇ ವಯಸ್ಸಿಗೆ 2003ರಲ್ಲಿ, ಕೊನೆಯದು 2013ರಲ್ಲಿ. ಮಣ್ಣು-ಹುಲ್ಲಿನ ಕ್ರಾಸ್ ಕಂಟ್ರಿಯಲ್ಲಿ ಮೂರು ಸಲ ದೀರ್ಘ ಓಟದ ವಿಶ್ವ ಚಾಂಪಿಯನ್. ಅನುಮಾನದ ಅಳತೆಗೋಲನ್ನು ಅವರಿಗೂ ಹಿಡಿಯಬೇಕು, ಹಿಡಿಯೋಣ: 2008ರಲ್ಲಿ ಓಸ್ಲೋದಲ್ಲಿ ಮಾಡಿದ 5,000 ಮೀಟರ್ ದಾಖಲೆ 14:11.15. ಮುರಿದದ್ದು ಹಿಂದಿನ ವರ್ಷವಷ್ಟೇ ಮೆಸೆರೆಟ್ ಡೆಫಾರ್ ಓಡಿದ್ದ 14:16.63 ಅನ್ನು. ಐದೂವರೆ ಸೆಕೆಂಡು, ವರ್ಷಗಟ್ಟಲೆ ಸರಿಸಮ ಓಡಿದ ಎದುರಾಳಿಯಿಂದ. 42 ಸೆಕೆಂಡಿನ ಜಿಗಿತ ಎಲ್ಲೂ ಇಲ್ಲ.

ನೆದರ್‌ಲೆಂಡ್ಸ್‌ನ ಸಿಫಾನ್ ಹಸನ್ ಹೆಸರು ಹೇಳುವವರ ಮಾತಿನಲ್ಲೂ ತೂಕವಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 5,000, 10,000 ಎರಡರಲ್ಲೂ ಕಂಚು ಗೆದ್ದು, 10,000 ಓಡಿದ ಎರಡೇ ದಿನಕ್ಕೆ ಮ್ಯಾರಥಾನಿನಲ್ಲಿ 2:22:55ರ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ತೆಗೆದದ್ದು ಕಣ್ಣಾರೆ ಕಂಡರೂ ನಂಬಲು ಕಷ್ಟವಾದ ಸಾಮರ್ಥ್ಯ. 2019ರಲ್ಲಿ ನಿಷೇಧಕ್ಕೊಳಗಾದ ಕೋಚ್ ಆಲ್ಬರ್ಟೊ ಸಲಾಝಾರ್ ಅವರ ತಂಡದಲ್ಲಿ ಹಸನ್ ಇದ್ದರು ಎಂಬುದೂ ನಿಜ, ಅವರ ಮೇಲೆ ಯಾವ ಆರೋಪವೂ ಸಾಬೀತಾಗಿಲ್ಲ ಎಂಬುದೂ ನಿಜ. ಹರವಿನಲ್ಲಿ ಹಸನ್ ಮುಂದೆ. ಒಂದೇ ದೂರದಲ್ಲಿ ಹತ್ತು ವರ್ಷ ಬಂದವರನ್ನೆಲ್ಲ ಎದುರಿಸಿ ಗೆದ್ದದ್ದರಲ್ಲಿ ದಿಬಾಬಾ. ನ್ಯೂಯಾರ್ಕ್ ಮ್ಯಾರಥಾನ್ ಒಂಬತ್ತು ಸಲ ಗೆದ್ದ ನಾರ್ವೆಯ ಗ್ರೇಟೆ ವೈಟ್ಝ್ ಅವರಿಗೆ ಒಲಿಂಪಿಕ್ಸ್‌ನಲ್ಲಿ ಮೊದಲ ಮ್ಯಾರಥಾನ್ ಸಿಕ್ಕಿದ್ದೇ 1984ರಲ್ಲಿ. ಅದಕ್ಕೂ ಮುಂಚೆ ಹೆಂಗಸರಿಗೆ ಅಲ್ಲಿ ಆ ಓಟವೇ ಇರಲಿಲ್ಲ. ಅವರನ್ನು ಈ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

2007ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಓಟದ ವೀಡಿಯೊ ಸಿಕ್ಕರೆ ಪೂರ್ತಿ ನೋಡಿ. ಆಗಸ್ಟಿನ ಸೆಕೆ, ನಮ್ಮ ಮೇ ತಿಂಗಳಂಥದ್ದು. 10,000 ಮೀಟರಿನ ನಡುವೆ ಕಾಲು ತೊಡರಿ ದಿಬಾಬಾ ನೆಲಕ್ಕೆ ಬಿದ್ದರು. ಎದ್ದಾಗ ಹೊಟ್ಟೆ ಹಿಡಿದುಕೊಂಡೇ ಓಡುತ್ತಿದ್ದಾರೆ, ಮುಂದಿನವರು ದೂರ ಹೋಗಿದ್ದಾರೆ. ಒಂದೊಂದೇ ಸುತ್ತಿನಲ್ಲಿ ಅಂತರ ಮುಚ್ಚಿ, ಕೊನೆಯ ಸುತ್ತಿನಲ್ಲಿ ಜಿಗಿದು ಗೆದ್ದರು. ಸಮಯ 31:55.41. ದಾಖಲೆಪಟ್ಟಿಯಲ್ಲಿ ಹುಡುಕಿದರೆ ಅದು ಎಲ್ಲೂ ಕಾಣುವುದಿಲ್ಲ.