ನಂಬರ್ ನೋಡುವ ಮೊದಲು ಅಲೆ ನೋಡಿ

ನಾನು ಎಚ್‌ಆರ್‌ವಿ, ಅಂದರೆ ಒಂದು ಹೃದಯಬಡಿತದಿಂದ ಇನ್ನೊಂದಕ್ಕೆ ಇರುವ ಅಂತರದ ಏರುಪೇರು, ಅಳೆಯಲು ಬಳಸುವುದು ಮ್ಯಾಕ್ಸ್30102 ಅನ್ನುವ ಪುಟ್ಟ ಸೆನ್ಸರ್. ಬೆರಳಿಟ್ಟರೆ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಚರ್ಮದೊಳಗೆ ಹೋಗುತ್ತದೆ, ಸ್ವಲ್ಪ ವಾಪಸ್ ಬರುತ್ತದೆ. ಹೃದಯ ಬಡಿದಾಗಲೆಲ್ಲ ಬೆರಳಿಗೆ ರಕ್ತ ನುಗ್ಗಿ ಇನ್ನಷ್ಟು ಬೆಳಕನ್ನು ಹೀರಿಕೊಳ್ಳುತ್ತದೆ. ಈ ಏರಿಳಿತವೇ ಪಿಪಿಜಿ ಅಲೆ. ಸ್ಮಾರ್ಟ್‌ವಾಚ್‌ಗಳಲ್ಲಿ ಹೆಚ್ಚಾಗಿ ಹಸಿರು ಬೆಳಕಿರುತ್ತದೆ, ಕೆಲಸ ಅದೇ.

ನಾಡಿ ಎಣಿಸುವುದು ಸುಲಭ. ಒಂದು ಬಡಿತ ತಪ್ಪಿದರೆ 71 ಇದ್ದದ್ದು 70 ಆಗುತ್ತದೆ, ಅಷ್ಟೇ ಅಲ್ವಾ? ಎಚ್‌ಆರ್‌ವಿಯಲ್ಲಿ ಹಾಗೆ ಬಿಡಲು ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಬಡಿತಗಳ ನಡುವಿನ ಅಂತರ 840, 865, 850, 820, 845 ಮಿಲಿಸೆಕೆಂಡ್ ಅಂದುಕೊಳ್ಳಿ. ಅಕ್ಕಪಕ್ಕದ ಅಂತರಗಳ ವ್ಯತ್ಯಾಸ ತೆಗೆದು, ವರ್ಗ ಮಾಡಿ, ಸರಾಸರಿ ಹಿಡಿದು, ವರ್ಗಮೂಲ ತೆಗೆದರೆ ಆರ್‌ಎಂಎಸ್‌ಎಸ್‌ಡಿ ಅನ್ನುವ ಎಚ್‌ಆರ್‌ವಿ ನಂಬರ್ ಸುಮಾರು 24. ಈಗ ಸೆನ್ಸರ್ ನಡುವಿನ ಒಂದು ಬಡಿತ ಬಿಟ್ಟುಬಿಟ್ಟಿತು. 850, 820 ಸೇರಿ 1670 ಆಯಿತು. ಅದೇ ಲೆಕ್ಕಕ್ಕೆ ಈಗ ಬರುವ ಉತ್ತರ ಸುಮಾರು 666! ಐದು ನಿಮಿಷದ ದಾಖಲೆಯಲ್ಲಿ ಸುಮಾರು 350 ಬಡಿತಗಳಿರುತ್ತವೆ. ಉಳಿದದ್ದೆಲ್ಲ ಸರಿಯಿದ್ದು ಇದೊಂದೇ ತಪ್ಪಿದರೂ 24 ಇದ್ದದ್ದು 65ರ ಆಸುಪಾಸಿಗೆ ಹಾರುತ್ತದೆ. ನೋಡಿದವರಿಗೆ ಅದು ಒಳ್ಳೇ ಆರೋಗ್ಯದ ನಂಬರ್ ಹಾಗೇ ಕಾಣುತ್ತದೆ. ನನಗೆ ಕೋಪ ಬರುವುದು ಇಲ್ಲೇ.

ಇನ್ನೊಂದು ತೊಡಕು ಅಲೆಯ ಆಕಾರದ್ದು. ಹೃದಯದ ವಿದ್ಯುತ್ ಸಂಕೇತ ದಾಖಲಿಸುವ ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಕಾಣುವ ಆರ್ ತುದಿ ಸೂಜಿಮೊನೆಯಂತೆ ಚೂಪು. ಪಿಪಿಜಿಯ ತುದಿ ದುಂಡಗೆ, ಸ್ವಲ್ಪ ಗದ್ದಲ ಸೇರಿದರೂ ಅತ್ತಿತ್ತ ಸರಿಯುತ್ತದೆ. ಅದಕ್ಕೇ ನಾನು ತುದಿಯನ್ನು ಬಿಟ್ಟು, ಅಲೆ ಕಡಿದಾಗಿ ಏರುವ ಜಾಗವನ್ನೇ ಗುರುತು ಹಾಕಿಕೊಳ್ಳುತ್ತೇನೆ. ಸ್ಯಾಂಪ್ಲಿಂಗ್, ಅಂದರೆ ಸೆನ್ಸರ್ ಬೆಳಕನ್ನು ಅಳೆಯುವುದು, ಸೆಕೆಂಡಿಗೆ 25 ಸಲ ಮಾತ್ರ ಇದ್ದರೆ ಎರಡು ಬಿಂದುಗಳ ನಡುವೆ 40 ಮಿಲಿಸೆಕೆಂಡ್ ಇರುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸಕ್ಕಿಂತ ಅದೇ ದೊಡ್ಡದು. ನಡುವಿನ ಬಿಂದುಗಳನ್ನು ಲೆಕ್ಕದಿಂದ ತುಂಬದೆ ಬೇರೆ ದಾರಿಯಿಲ್ಲ.

ಜೊತೆಗೆ, ನಾಡಿಯ ಅಲೆ ಹೃದಯದಿಂದ ಬೆರಳಿಗೆ ತಲುಪುವ ಸಮಯವೂ ಉಸಿರು, ರಕ್ತದೊತ್ತಡದ ಜೊತೆ ಬದಲಾಗುತ್ತದೆ. ಹಾಗಾಗಿ ಸಿಗುವುದು ನೇರವಾಗಿ ಹೃದಯದ್ದಲ್ಲ, ನಾಡಿಯ ಏರುಪೇರು. ಸುಮ್ನೆ ಕೂತಾಗ, ಕೈ ಬೆಚ್ಚಗಿದ್ದಾಗ, ಅದು ಇಸಿಜಿಗೆ ಸಾಕಷ್ಟು ಹತ್ತಿರ ಬರುತ್ತದೆ. ನಡೆಯುವಾಗಿನದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆ್ಯಪ್ ಮಾಡುವವರನ್ನು ನಾನು ಕೇಳುವುದು ಇಷ್ಟೇ: ನಂಬರ್ ಪಕ್ಕದಲ್ಲಿ ಅಲೆಯನ್ನೂ ತೋರಿಸಿ, ಎಷ್ಟು ಬಡಿತ ಕೈಬಿಟ್ಟಿರಿ ಅಂತಲೂ ಬರೆಯಿರಿ.