ನಡೆಯುತ್ತಾಳೆ, ಆದರೆ ಜಾಸ್ತಿ ನಡೆಯೋಕಾಗಲ್ಲ

ಊರಿಂದ ಅಪ್ಪ ಅಮ್ಮ ಬರುತ್ತಾರೆ ಅಂದರೆ ಅಮೆರಿಕದಲ್ಲಿರುವ ನಮ್ಮಂಥವರು ಮೊದಲೇ ಒಂದು ಪಟ್ಟಿ ಮಾಡಿಕೊಂಡಿರುತ್ತೇವೆ. ನಯಾಗರಾ, ನ್ಯೂಯಾರ್ಕ್, ವಾಷಿಂಗ್ಟನ್. ಮನೆಯಲ್ಲಿ ಮಕ್ಕಳಿದ್ದರೆ ಡಿಸ್ನಿ ವರ್ಲ್ಡ್ ಇರಲೇಬೇಕು. ನಾವಿರುವುದು ಅಟ್ಲಾಂಟಾದಲ್ಲಿ. ಇಲ್ಲಿಂದ ಡಿಸ್ನಿ ವರ್ಲ್ಡ್ ಇರುವ ಫ್ಲಾರಿಡಾದ ಒರ್ಲ್ಯಾಂಡೊಗೆ ಕಾರಿನಲ್ಲಿ ಹೆಚ್ಚುಕಡಿಮೆ ಏಳು ಗಂಟೆ ದಾರಿ. ಹಾಸನದಿಂದ ಅಮ್ಮ ಬಂದಿದ್ದಾಳೆ. ಬಿಸಿಲು ಕಡಿಮೆ ಇರುವ ಫೆಬ್ರುವರಿಯಲ್ಲಿ ಹೋಗೋಣ ಅಂತ ತೀರ್ಮಾನ ಮಾಡಿದೆವು. ಅಜ್ಜಿ ಬರದೇ ಇದ್ದರೆ ತಾವೂ ಬರಲ್ಲ ಅಂತ ಮಕ್ಕಳು ಆಗಲೇ ಹೇಳಿಬಿಟ್ಟಿದ್ದರು.

ಅಮ್ಮನ ಒಂದು ಮಂಡಿಗೆ ಆಪರೇಷನ್ ಆಗಿದೆ, ಇನ್ನೊಂದು ಸವೆದಿದೆ. ಮನೆಯೊಳಗೆ ಓಡಾಡುತ್ತಾಳೆ, ನಾನು ಬೇಡ ಅಂದರೂ ಚಪಾತಿ ಲಟ್ಟಿಸುತ್ತಾಳೆ. ಆದರೆ ಕ್ಯೂನಲ್ಲಿ ಹತ್ತು ನಿಮಿಷ ನಿಲ್ಲೋಕಾಗಲ್ಲ. ಎತ್ತರದ ಮೆಟ್ಟಿಲಿದ್ದರೆ ಕೈಗೆ ಏನಾದರೂ ಹಿಡಿಯಲು ಸಿಗಬೇಕು. ನಮ್ಮ ಕಡೆಯ ಎಷ್ಟೋ ಅಮ್ಮಂದಿರದು ಇದೇ ಸ್ಥಿತಿ ಅಲ್ವಾ? ಅಮ್ಮ ಶ್ರವಣಬೆಳಗೊಳದ ಬೆಟ್ಟ ಹತ್ತುವುದನ್ನು ಬಿಟ್ಟು ವರ್ಷಗಳಾದವು. ಅಲ್ಲಿ ಡೋಲಿ ಇದೆ, ಆದರೂ ಬೇಡ ಅನ್ನುತ್ತಾಳೆ. ಮದುವೆಮನೆಗಳಲ್ಲಿ ಮೊದಲನೇ ಪಂಕ್ತಿಗೇ ಊಟ ಮುಗಿಸಿ ಹೊರಟುಬಿಡುತ್ತಾಳೆ. ಡಿಸ್ನಿ ಮಾತು ಬಂದ ಕೂಡಲೇ ಅವಳು ಹೇಳಿದ್ದೂ ಅದೇ ಧಾಟಿಯಲ್ಲಿ: "ನೀವೆಲ್ಲ ಹೋಗ್ಬನ್ನಿ ಕಣೇ, ನಾನು ಮನೇಲೇ ಇರ್ತೀನಿ." ಆ ಮಾತು ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೆ ಸಂಕಟವಾಯಿತು. ಹೇಗಾದರೂ ಮಾಡಿ ಕರೆದುಕೊಂಡು ಹೋಗಲೇಬೇಕು ಅಂತ ಕೂತೆ.

ಕೂತ ಮೇಲೆ ತಿಳಿಯಿತು, ಅಮ್ಮನಂಥವರಿಗೆ ಯಾವ ಫಾರಂನಲ್ಲೂ ಜಾಗವಿಲ್ಲ. ವೀಲ್‌ಚೇರ್ ಬಳಸುತ್ತಾರಾ, ಇಲ್ಲವಾ? ಎಲ್ಲ ಕಡೆ ಇದೊಂದೇ ಪ್ರಶ್ನೆ. ಹೌದು ಅಂದರೆ ಸ್ವಂತ ವೀಲ್‌ಚೇರ್ ಇಟ್ಟುಕೊಂಡು ದಿನವೂ ಅದರಲ್ಲೇ ಓಡಾಡುವವರು ಅಂದುಕೊಳ್ಳುತ್ತಾರೆ. ಇಲ್ಲ ಅಂದರೆ ಕಾಲು ಗಟ್ಟಿಯಾಗಿರುವವರ ಸಾಲಿಗೆ ಸೇರಿಸುತ್ತಾರೆ. ಸ್ವಲ್ಪ ನಡೆಯುತ್ತಾಳೆ, ಜಾಸ್ತಿ ಆಗಲ್ಲ ಅಂತ ಬರೆಯಲು ಎಲ್ಲೂ ಖಾಲಿ ಗೆರೆಯಿಲ್ಲ.

ಡಿಸ್ನಿ ವರ್ಲ್ಡ್ ಎಷ್ಟು ದೊಡ್ಡದು ಅನ್ನುವುದು ಊರಲ್ಲಿರುವವರ ಅಂದಾಜಿಗೆ ಸಿಗಲಿಕ್ಕಿಲ್ಲ. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಶುರುವಾಯಿತು. ಆಮೇಲೆ ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಬಂದವು. ನಾಲ್ಕು ಪಾರ್ಕು, ಹೋಟೆಲು, ರಸ್ತೆ, ಕೆರೆ, ಕಾಡು ಎಲ್ಲ ಸೇರಿ ಸುಮಾರು 25,000 ಎಕರೆ. ಎಪ್ಕಾಟಿನಲ್ಲಿ ಒಂದು ಕೆರೆಯ ಸುತ್ತ ಹನ್ನೊಂದು ದೇಶಗಳ ಪೆವಿಲಿಯನ್‌ಗಳಿವೆ. ಅದೊಂದು ಸುತ್ತು ಹಾಕಿದರೇ 2 ಕಿಲೋಮೀಟರ್ ಆಗುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದರೆ ಪಾರ್ಕಿಂಗ್‌ನಿಂದ ನೇರ ಒಳಗೆ ಹೋಗುವ ಹಾಗಿಲ್ಲ. ಮೊದಲು ಟಿಕೆಟ್ ಸೆಂಟರ್ ತಲುಪಬೇಕು, ಅಲ್ಲಿಂದ ದೋಣಿಯಲ್ಲೋ ಮಾನೋರೈಲಿನಲ್ಲೋ ಕೆರೆಯ ಆಚೆಗೆ ಹೋಗಬೇಕು. ಬಾಡಿಗೆ ವೀಲ್‌ಚೇರ್ ಸಿಗುವುದು ಪಾರ್ಕಿನ ಬಾಗಿಲ ಹತ್ತಿರ. ಅದನ್ನೂ ಮುಂಚೆಯೇ ಬುಕ್ ಮಾಡಲು ಆಗಲ್ಲ, ಮೊದಲು ಬಂದವರಿಗೆ ಮೊದಲು. ಅಮ್ಮನ ಮಂಡಿಗೆ ಬೇಕಾದ್ದು ಆ ಬಾಗಿಲಿಗಿಂತ ಮೊದಲಿನ ದಾರಿಗೂ ಕುರ್ಚಿ. ಕೊನೆಗೆ ಕನ್ನಡ ಕೂಟದ ಗೆಳತಿಯೊಬ್ಬಳು ತನ್ನ ಮಾವನ ಮಡಿಚುವ ವೀಲ್‌ಚೇರ್ ಕೊಡುತ್ತೇನೆ ಅಂದಳು. ಅದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತೇವೆ.

ಕ್ಯೂ ವಿಷಯಕ್ಕೆ ಬರುತ್ತೇನೆ. ಡಿಸ್ನಿಯಲ್ಲಿ ಡಿಎಎಸ್ (ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್) ಅಂತ ಒಂದು ಸೌಲಭ್ಯವಿದೆ. ಕ್ಯೂನಲ್ಲಿ ನಿಲ್ಲದೆ ಬೇರೆ ಕಡೆ ಕೂತಿದ್ದು, ಅವರು ಕೊಟ್ಟ ಸಮಯಕ್ಕೆ ಹೋದರಾಯಿತು. ಇದಕ್ಕೂ ಮೊದಲು ಇಂಥವರಿಗೆ ಕೊಡುತ್ತಿದ್ದ ಕಾರ್ಡಿನ ದುರುಪಯೋಗ ಆಗುತ್ತಿದೆ ಅಂತ 2013ರಲ್ಲಿ ಇದನ್ನು ತಂದರು. 2024ರ ಮೇ ತಿಂಗಳಿಂದ ಇದರ ನಿಯಮ ಬಿಗಿಯಾಗಿದೆ. ಆಟಿಸಂ ಅಥವಾ ಅಂಥ ಬೆಳವಣಿಗೆಯ ತೊಂದರೆಯಿಂದ ತುಂಬಾ ಹೊತ್ತು ಕ್ಯೂನಲ್ಲಿರಲು ಆಗದವರಿಗೆ ಮುಖ್ಯವಾಗಿ ಇದು ಅಂತ ಹೇಳುತ್ತಾರೆ. ನಡೆಯಲು, ನಿಲ್ಲಲು ಕಷ್ಟ ಇರುವವರಿಗೆ ಉತ್ತರ ಒಂದೇ: ವೀಲ್‌ಚೇರ್ ಅಥವಾ ಬ್ಯಾಟರಿ ಸ್ಕೂಟರ್ ತನ್ನಿ, ಹೆಚ್ಚಿನ ಕ್ಯೂಗಳಲ್ಲಿ ಅದು ಹೋಗುತ್ತದೆ. ಆಟಿಸಂ ಇರುವ ಮಕ್ಕಳಿಗೆ ಆ ಸೌಲಭ್ಯ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲು ನೋವಿನವರನ್ನೆಲ್ಲ ಕುರ್ಚಿ ಮೇಲೆ ಕೂರಿಸಿಬಿಟ್ಟರೆ ಮುಗಿಯಿತು ಅನ್ನುವ ಲೆಕ್ಕ ಸರಿಯಲ್ಲ. ಕೂತಲ್ಲಿಂದ ಏಳುವುದು, ರೈಡಿನೊಳಗೆ ಕಾಲಿಡುವುದು, ಮತ್ತೆ ಇಳಿಯುವುದು, ಇವನ್ನೆಲ್ಲ ಯಾರು ಲೆಕ್ಕಕ್ಕೆ ತಗೊಂಡರು? ಇನ್ನು ಕ್ಯೂ ತಪ್ಪಿಸಲು ದುಡ್ಡು ಕೊಟ್ಟು ಲೈಟ್ನಿಂಗ್ ಲೇನ್ ಅನ್ನುವ ಬೇಗ ಹೋಗುವ ಸಾಲು ತಗೋಬಹುದು. ಡಿಸ್ನಿಯ ಹೋಟೆಲಿನಲ್ಲಿ ಉಳಿದವರಿಗೆ ಏಳು ದಿನ ಮೊದಲು ಬುಕಿಂಗ್ ತೆರೆಯುತ್ತದೆ, ನಮ್ಮಂಥ ಹೊರಗಿನವರಿಗೆ ಮೂರೇ ದಿನ ಮೊದಲು. ಬೆಳಗ್ಗೆ ಏಳು ಗಂಟೆಗೆ ಫೋನ್ ಹಿಡಿದು ಕಾಯಬೇಕು.

ಪ್ರತಿ ರೈಡಿನ ಮುಂದೆ ಒಂದು ಸಾಲು ಬರೆದಿರುತ್ತಾರೆ. ವೀಲ್‌ಚೇರಿನಲ್ಲೇ ಕೂತಿರಬಹುದು, ವೀಲ್‌ಚೇರಿನಿಂದ ಎದ್ದು ರೈಡಿನ ಸೀಟಿಗೆ ಬದಲಾಗಬೇಕು, ನಡೆಯಲು ಬರಬೇಕು, ಹೀಗೆ. ಇಷ್ಟಾದರೂ ಬರೆದಿದ್ದಾರಲ್ಲ ಅಂತ ಖುಷಿಯಾಯಿತು. ಆದರೆ ಅಮ್ಮನಿಗೆ ಬೇಕಾದ್ದು ಬೇರೆ. ಮೆಟ್ಟಿಲು ಎಷ್ಟು ಎತ್ತರ? ಹಿಡಿದುಕೊಳ್ಳಲು ಕಂಬಿ ಯಾವ ಕಡೆ ಇದೆ? ಎಡ ಮಂಡಿ ಮಡಚದೆ ಸೀಟಿನಲ್ಲಿ ಕೂರೋಕಾಗುತ್ತಾ? ಪೀಟರ್ ಪ್ಯಾನ್ ರೈಡಿನಲ್ಲಿ ನೆಲವೇ ಚಲಿಸುತ್ತಿರುತ್ತದೆ, ಅದರ ಮೇಲೆ ನಡೆದು ಹೋಗಿ ಹತ್ತಬೇಕು. ಅದು ಅಮ್ಮನ ಕೈಲಾಗಲ್ಲ, ಬಿಟ್ಟೆವು. ಉಳಿದವುಗಳಿಗೆ ಯೂಟ್ಯೂಬ್ ವಿಡಿಯೋಗಳೇ ಗತಿ. ರಾತ್ರಿ ಮಕ್ಕಳು ಮಲಗಿದ ಮೇಲೆ ನಾನೂ ನಮ್ಮವರೂ ಕೂತು ಸ್ಪೀಡ್ ಅರ್ಧಕ್ಕೆ ಇಳಿಸಿ ನೋಡುತ್ತೇವೆ. ವಿಡಿಯೋ ಮಾಡಿದವರು ಗೊಂಬೆ, ದೀಪ ತೋರಿಸುತ್ತಿದ್ದರೆ ನಾವು ಜನರ ಪಾದ ನೋಡುತ್ತಿರುತ್ತೇವೆ. ಕೆಂಪು ಶರ್ಟಿನ ತಾತ ದೋಣಿಗೆ ಇಳಿಯುವಾಗ ಯಾವ ಕಾಲು ಮೊದಲು ಇಟ್ಟರು, ಕೈ ಎಲ್ಲಿ ಊರಿದರು ಅಂತ ಅಲ್ಲಲ್ಲೇ ನಿಲ್ಲಿಸಿ ಮತ್ತೆ ನೋಡುತ್ತೇವೆ. ಇಷ್ಟು ಸಣ್ಣ ಮಾಹಿತಿಯನ್ನು ಇಂಚಿನ ಲೆಕ್ಕದಲ್ಲಿ ಬರೆದಿಟ್ಟರೆ ಎಷ್ಟು ಜನರಿಗೆ ಉಪಕಾರ!

ಹೆಚ್ಚು ಸುಸ್ತು ಮಾಡಿದ್ದು ಹೋಟೆಲು. ಅಂಗವಿಕಲರ ಹಕ್ಕಿಗಾಗಿ ಅಮೆರಿಕದಲ್ಲಿ 1990ರಲ್ಲೇ ಎಡಿಎ ಕಾನೂನು ಬಂದಿದೆ. ರೂಮಿನಲ್ಲಿ ಏನೇನು ಅನುಕೂಲ ಇದೆ ಅನ್ನುವುದನ್ನು ಬುಕಿಂಗ್ ಮಾಡುವಾಗಲೇ ಹೋಟೆಲಿನವರು ವಿವರವಾಗಿ ಹೇಳಬೇಕು, ಬುಕ್ ಆದ ಅಂಥ ರೂಮನ್ನು ಬೇರೆಯವರಿಗೆ ಕೊಡಬಾರದು ಅನ್ನುವ ನಿಯಮ 2012ರಿಂದ ಜಾರಿಯಲ್ಲಿದೆ. ಅಷ್ಟಿದ್ದೂ ನಾವು ನೋಡಿದ ಹೋಟೆಲಿನ ಪುಟದಲ್ಲಿ ಇದ್ದದ್ದು "ಆಕ್ಸೆಸಿಬಲ್ ರೂಮ್", ಅಂದರೆ ಅಂಗವಿಕಲರಿಗೆ ಅನುಕೂಲವಿರುವ ರೂಮು, ಅನ್ನುವ ಎರಡೇ ಪದ. ಒಳಗೆ ಬಾತ್‌ಟಬ್ ಇರಬಹುದು, ಟಬ್ಬಿಗೆ ಹಿಡಿಕೆ ಹಾಕಿದ್ದರೂ ಅದು ಆಕ್ಸೆಸಿಬಲ್ ರೂಮೇ. ಅಮ್ಮನಿಗೆ ಟಬ್ಬಿನ ಅಂಚು ದಾಟೋಕಾಗಲ್ಲ. ಬೇಕಾದ್ದು ಹೊಸ್ತಿಲಿಲ್ಲದ ಬಚ್ಚಲು, ಒಂದು ಸ್ಟೂಲು, ಕೈಯಲ್ಲಿ ಹಿಡಿಯುವ ಶವರ್. ಫೋನ್ ಮಾಡಿದರೆ ಕಾಲ್ ಸೆಂಟರಿನ ಹುಡುಗಿ ತುಂಬಾ ಮರ್ಯಾದೆಯಿಂದಲೇ "ಹೌದು ಮೇಡಂ, ಆಕ್ಸೆಸಿಬಲ್" ಅಂದಳು. ಟಬ್ಬಾ, ಶವರ್ರಾ ಅಂದರೆ ಹೋಟೆಲಿಗೇ ಕೇಳಿ ಅಂದಳು. ಹೋಟೆಲಿನವರು ಬಂದ ದಿನ ನೋಡೋಣ ಅಂದರು. ಏಳು ಗಂಟೆ ಕಾರಿನಲ್ಲಿ ಕೂತು ಊದಿಕೊಂಡ ಮಂಡಿ ಇಟ್ಟುಕೊಂಡು ಬಂದವಳಿಗೆ ಬಂದ ದಿನ ನೋಡೋಣ ಅಂದರೆ ಹೇಗೆ? ಕೊನೆಗೆ ಅಂಥ ಬಚ್ಚಲಿರುವ ರೂಮು ಇದೆ ಅಂತ ಗೊತ್ತಾಯಿತು. ಆದರೆ ಅದರಲ್ಲಿ ಒಂದೇ ಮಂಚ, ನಾವು ಐದು ಜನ. ಮಂಡಿ ನೋವಿನವರು ಒಬ್ಬರೇ ಅಥವಾ ಜೋಡಿಯಾಗಿ ಮಾತ್ರ ಬರುತ್ತಾರೆ, ಮಗಳು ಅಳಿಯ ಮೊಮ್ಮಕ್ಕಳ ಜೊತೆ ಬರಲ್ಲ ಅಂತ ಯಾರು ತೀರ್ಮಾನಿಸಿದರೋ. ಪಕ್ಕದ ರೂಮನ್ನೂ ಹಿಡಿದೆವು. ಖರ್ಚು ದುಪ್ಪಟ್ಟಾಯಿತು.

ಇಷ್ಟೆಲ್ಲದರ ನಡುವೆ ಅಮ್ಮನನ್ನು ಒಪ್ಪಿಸಬೇಕಿತ್ತು. ಬೆಂಗಳೂರು ಏರ್‌ಪೋರ್ಟಿನಲ್ಲಿ ವೀಲ್‌ಚೇರಿನಲ್ಲಿ ಕೂರಲು ಅವಳಿಗೆ ಸಂಕೋಚವಿರಲಿಲ್ಲ. ಅಲ್ಲಿ ಸಾಲಾಗಿ ಕೂತಿದ್ದವರೆಲ್ಲ ಅವಳ ಹಾಗೆ ಮಕ್ಕಳ ಮನೆಗೆ ಹೊರಟವರೇ. ಅಳಿಯ ತನ್ನನ್ನು ಎಪ್ಕಾಟಿನ ಸುತ್ತ ತಳ್ಳಿಕೊಂಡು ಓಡಾಡುವುದು ಮಾತ್ರ ಬೇಡವೇ ಬೇಡ. "ಅವನೇನು ರಜೆ ಹಾಕಿ ನನ್ನ ಎಳೆಯೋಕೆ ಬರೋದಾ?"

ಹಾಗಾದರೆ ಸ್ಕೂಟರ್ ಅಂದೆ. ಅಮ್ಮ ಜೀವನದಲ್ಲಿ ಲೂನಾ ಕೂಡ ಓಡಿಸಿದವಳಲ್ಲ. ವಾಲ್‌ಮಾರ್ಟಿನಲ್ಲಿ ಗಿರಾಕಿಗಳಿಗೆ ಬ್ಯಾಟರಿ ಗಾಡಿಗಳಿರುತ್ತವೆ, ಬಾಡಿಗೆ ಇಲ್ಲ. ಜನ ಕಡಿಮೆ ಇದ್ದ ಒಂದು ಬೆಳಗ್ಗೆ ಕರೆದುಕೊಂಡು ಹೋದೆ. ಸೀರೆಯ ನೆರಿಗೆ ಗಾಲಿಗೆ ಸಿಗದ ಹಾಗೆ ಸೆರಗಿನ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಬ್ಬೆರಳಲ್ಲಿ ಲಿವರ್ ಒತ್ತಿದಾಗ ಗಾಡಿ ಜಗ್ಗಿ ನಿಂತಿತು, ಮತ್ತೆ ಒತ್ತಿದಳು. ಹಾಲು ಮೊಸರಿನ ಸಾಲು ಮುಗಿಯುವಷ್ಟರಲ್ಲಿ ಬೆನ್ನು ನೆಟ್ಟಗಾಗಿತ್ತು. ಹಿಂದಕ್ಕೆ ತೆಗೆಯುವಾಗ ಬೀಪ್ ಬೀಪ್ ಅಂತ ಸದ್ದು ಬಂದರೆ ಎದುರಿನವರು ನಕ್ಕು ದಾರಿ ಬಿಟ್ಟರು. ಅಷ್ಟು ದೊಡ್ಡ ಅಂಗಡಿಯನ್ನು ಅವಳು ಪೂರ್ತಿ ನೋಡಿದ್ದು ಅವತ್ತೇ. ಅಲ್ಲಿಯವರೆಗೆ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ನಮ್ಮನ್ನು ಕಾಯುತ್ತಿದ್ದಳು.

ಈಗ ಪ್ಲಾನ್ ಹೀಗಿದೆ. ನಾಲ್ಕು ಪಾರ್ಕ್ ಆಸೆ ಬಿಟ್ಟಿದ್ದೇವೆ, ಎರಡೇ ಸಾಕು. ನಡುವೆ ಒಂದು ದಿನ ಪೂರ್ತಿ ವಿಶ್ರಾಂತಿ. ಅನಿಮಲ್ ಕಿಂಗ್‌ಡಮ್‌ನ ಸಫಾರಿ ಗಾಡಿಗೆ ವೀಲ್‌ಚೇರ್ ಸಮೇತ ಹತ್ತಬಹುದು. ಮ್ಯಾಜಿಕ್ ಕಿಂಗ್‌ಡಮ್‌ನ ಸ್ಮಾಲ್ ವರ್ಲ್ಡ್ ದೋಣಿಯಲ್ಲೂ ಹಾಗೇ ಕೂರಬಹುದು. ಆ ಎರಡೂ ಅಮ್ಮನಿಗೆ ಗ್ಯಾರಂಟಿ. ಸ್ಕೂಟರನ್ನು ಹೊರಗಿನ ಅಂಗಡಿಯಿಂದ ಬಾಡಿಗೆಗೆ ಹೇಳಿದ್ದೇವೆ, ಮಡಿಚುವ ಕುರ್ಚಿ ಡಿಕ್ಕಿಯಲ್ಲಿ ಹೇಗೂ ಇರುತ್ತದೆ. ಮಾತ್ರೆ, ಮೊಸರನ್ನ, ಮಂಡಿಗೆ ಐಸ್ ಪ್ಯಾಕ್ ನನ್ನ ಜವಾಬ್ದಾರಿ.

ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವುದಿದ್ದರೆ ಟಿಕೆಟ್ ತಗೊಳ್ಳುವ ಮೊದಲು ಹೋಟೆಲಿನ ಬಚ್ಚಲಿನ ಫೋಟೊ ಕೇಳಿ. ಮಂಚ ಎಷ್ಟು ಎತ್ತರ ಅಂತಲೂ ಕೇಳಿ, ಇಲ್ಲಿಯ ಮಂಚಗಳು ಎತ್ತರ ಜಾಸ್ತಿ. ಬಾಯಿಮಾತಿಗೆ ಒಪ್ಪಬೇಡಿ, ಈಮೇಲಿನಲ್ಲಿ ಬರೆಸಿಕೊಳ್ಳಿ. ನಮಗಿನ್ನೂ ಆ ಈಮೇಲ್ ಬಂದಿಲ್ಲ. ಸೋಮವಾರ ಮತ್ತೆ ಫೋನ್ ಮಾಡುತ್ತೇನೆ.