ಬೀದರ ಕೋಟೆಯ ಕಂದಕದ ಅಂಚಿನಲ್ಲಿ

ಬೀದರ ಕೋಟೆಯ ಮೂರು ಸಾಲಿನ ಕಂದಕವನ್ನು ಕೆಂಪು ಜಂಬಿಟ್ಟಿಗೆ ಬಂಡೆಯಲ್ಲೇ ಕಡಿದು, ನಡುನಡುವೆ ಕಲ್ಲಿನ ಗೋಡೆಗಳನ್ನು ಉಳಿಸಿದ್ದಾರೆ. ಅಷ್ಟು ಶ್ರಮದ ಈ ಕೋಟೆ 1657ರಲ್ಲಿ ಔರಂಗಜೇಬನ ಮುತ್ತಿಗೆಯನ್ನು ಒಂದು ತಿಂಗಳೂ ತಾಳಲಿಲ್ಲ; ಬುರುಜಿನ ಮದ್ದಿಗೆ ಕಿಡಿ ತಗುಲಿ ಕಿಲ್ಲೇದಾರ ಸಿದ್ದಿ ಮರ್ಜಾನನೇ ಮಾರಣಾಂತಿಕವಾಗಿ ಗಾಯಗೊಂಡ.

ಗಡಿಗೋಡೆಗಳ ಚರ್ಚೆ ಬಂದಾಗಲೆಲ್ಲ ನನಗೆ ಈ ಕಂದಕವೇ ನೆನಪಾಗುತ್ತದೆ. ಬಾಂಗ್ಲಾದೇಶದೊಂದಿಗಿನ ನಮ್ಮ 4,096 ಕಿಲೋಮೀಟರ್ ಗಡಿಯ ಬಹುಭಾಗಕ್ಕೆ ಬೇಲಿಯಿದೆ. ಆದರೆ ನದಿ ಹರಿಯುವ ಕಡೆ ಬೇಲಿ ಹಾಕುವುದು ಕಷ್ಟ, ಬೇಲಿಯಾಚೆ ಹೊಲವಿರುವ ರೈತರು ಗುರುತಿನ ಚೀಟಿ ತೋರಿಸಿ ಗೇಟು ದಾಟಬೇಕು. ಅಮೆರಿಕಕ್ಕೆ ವೀಸಾ ಪಡೆದು ವಿಮಾನದಲ್ಲಿ ಬಂದು, ಅವಧಿ ಮೀರಿ ಉಳಿಯುವವರನ್ನು ಮೆಕ್ಸಿಕೊ ಗಡಿಯ ಗೋಡೆ ತಡೆಯಲಾರದು.

ಊರುಗಳ ಅಂಚಿನಲ್ಲಿ ಬೇಲಿಯು ನುಸುಳುವವರನ್ನು ತಡಮಾಡಿಸಿ ಕಾವಲಿನವರಿಗೆ ಸಮಯ ಕೊಡುತ್ತದೆ, ನಿಜ. ಆದರೆ ಕಾವಲಿಗೆ, ದುರಸ್ತಿಗೆ ಪ್ರತಿವರ್ಷ ತಗಲುವ ಖರ್ಚನ್ನು ಸರ್ಕಾರಗಳು ಗೋಡೆ ಎಬ್ಬಿಸುವ ಮುನ್ನವೇ ಜನರ ಮುಂದಿಡಬೇಕು.